ನಂಬ್ರದ ಆಫೀಸು ಮತ್ತು ಕುರ್ಚಿಯ ಪಾಳಿ

ನನ್ನ ತಂಗಿಯ ಮಗಳು ಈ ವರ್ಷ ಕೊಚ್ಚಿಯಲ್ಲಿ ಒಂದು ಹೂಡಿಕೆ ಕಂಪನಿಗೆ ಸೇರಿದಳು. ಸೇರುವ ಮೊದಲು ಒಂದು ಭಾನುವಾರ ಇಗರ್ಜಿಯಿಂದ ನೇರ ನಮ್ಮ ಮನೆಗೆ ಬಂದು, ಹೊಸ ಟೆಕ್ನಾಲಜಿ ಕಂಪನಿಗಳಿಗೆ ದುಡ್ಡು ಹಾಕುವ ಈ ಕೆಲಸಕ್ಕೆ ಮುಂದೆ ಭವಿಷ್ಯ ಉಂಟಾ ಮಾಮ್ ಅಂತ ಕೇಳಿದಳು. ನನಗೆ ನಗು ಬಂತು. ಹದಿನೆಂಟು ವರ್ಷ ನಾನು ಮಾಡಿದ್ದು ಇದೇ ಕೆಲಸ. ಪ್ರತಿ ಮಾರ್ಚಿನಲ್ಲಿ ಬರುವ ವರ್ಷ ಹೇಗಿದ್ದೀತು ಅಂತ ಬರೆದುಕೊಡುತ್ತಿದ್ದೆ. ಒಂದು ವರ್ಷವಾದರೂ ನಾನು ಬರೆದ ಹಾಗೆ ಆಗಲಿಲ್ಲ. ಭವಿಷ್ಯ ಗೊತ್ತಿದ್ದರೆ ಕವಡೆ ಹಿಡಿದು ಕೂತುಕೊಳ್ಳುತ್ತಿದ್ದೆ ಮಾರಾಯ್ತಿ, ಇದಕ್ಕಿಂತ ಹೆಚ್ಚು ಮರ್ಯಾದೆ ಸಿಗುತ್ತಿತ್ತು ಅಂದೆ.

ಅವಳು ಬಿಡುವ ಜಾತಿಯಲ್ಲ. ಹಾಗಾದರೆ ಆದದ್ದನ್ನಾದರೂ ಹೇಳಿ ಅಂದಳು. ಹೇಳುತ್ತಾ ಹೋದರೆ ನನಗೆ ಸಿಟ್ಟು ಬರುತ್ತದೆ, ಮಧ್ಯದಲ್ಲಿ ಎದ್ದು ಹೋಗಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಅವಳಿಗೂ, ಅವಳ ಹಾಗೆ ಈ ಕೆಲಸಕ್ಕೆ ಇಳಿಯುವ ಬೇರೆ ಮಕ್ಕಳಿಗೂ ಇರಲಿ.

ನಾನು ಮೊದಲು ಬ್ಯಾಂಕಿನ ಸಾಲದ ವಿಭಾಗದಲ್ಲಿದ್ದವನು. ಎರಡು ಸಾವಿರದ ಒಂದರಲ್ಲಿ, ಹೋಗುವವರು ಹೋಗಬಹುದು ಅಂತ ಬ್ಯಾಂಕಿನವರು ಸ್ವಯಂನಿವೃತ್ತಿಯ ಬಾಗಿಲು ತೆರೆದಾಗ ಹೊರಗೆ ಬಂದೆ. ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಜವುಳಿ ಅಂಗಡಿ. ಅದರ ಮೇಲಿನ ಮಹಡಿಯಲ್ಲಿ ಹಾಜಿಯವರ ಆಫೀಸು. ಹಾಜಿಯವರು ಶಾರ್ಜಾದಲ್ಲಿ ದಿನಸಿ ಅಂಗಡಿ ನಡೆಸಿ ಮೇಲೆ ಬಂದ ಬ್ಯಾರಿ ವ್ಯಾಪಾರಿ. ಅವರೂ ಅವರ ಅಲ್ಲಿಯ ಮೂವರು ಪಾಲುದಾರರೂ ಸೇರಿ, ಊರಿನಲ್ಲಿ ಕಂಪ್ಯೂಟರಿನ ಹೊಸ ವ್ಯಾಪಾರ ಶುರುಮಾಡುವವರಿಗೆ ಬಂಡವಾಳ ಹಾಕಬೇಕು ಅಂತ ಹೊರಟಿದ್ದರು. ಅಂಥ ಕಂಪನಿಗಳ ಒಳಗು ಹೊರಗು ನೋಡಿ, ಹಾಕಬಹುದೋ ಬೇಡವೋ ಅಂತ ಹೇಳುವುದು ನನ್ನ ಕೆಲಸ.

ಹಾಜಿಯವರು ಬಡ್ಡಿ ಮುಟ್ಟುವವರಲ್ಲ. ಲಾಭ ಬಂದರೆ ಇಬ್ಬರಿಗೂ, ನಷ್ಟ ಬಂದರೆ ಇಬ್ಬರಿಗೂ. ವೆಂಚರ್ ಕ್ಯಾಪಿಟಲ್ ಅಂದರೆ ಎಂತ ಅಂತ ನಾನು ಬ್ಯಾಂಕಿನ ಭಾಷೆಯಲ್ಲಿ ದೊಡ್ಡ ಭಾಷಣ ಕೊಟ್ಟೆ. ಅವರು ಸುಲೈಮಾನಿ ಚಹಾ ಕುಡಿಯುತ್ತಾ ಪೂರ್ತಿ ಕೇಳಿ, "ಇದು ನಮ್ಮ ಅಜ್ಜ ಮಾಡುತ್ತಿದ್ದ ಪಾಲುವ್ಯಾಪಾರ ಪೊರ್ಬುಗಳೇ, ಬೆಂಗಳೂರಿನವರು ಅದಕ್ಕೆ ಕೋಟು ಹಾಕಿಸಿದ್ದಾರೆ ಅಷ್ಟೇ," ಅಂದರು. ನಮ್ಮ ಕಡೆ ಕ್ರೈಸ್ತರನ್ನು ಪೊರ್ಬು ಅಂತ ಕರೆಯುವುದು. ಕೊನೆಯವರೆಗೂ ನಾನು ಅವರಿಗೆ ಪೊರ್ಬುಗಳೇ, ಹೆಸರು ಹಿಡಿದು ಒಮ್ಮೆಯೂ ಕರೆಯಲಿಲ್ಲ.

ಮೊದಲ ಎರಡು ಮೂರು ವರ್ಷ ನನ್ನ ತಲೆಯಿಂದ ಬ್ಯಾಂಕು ಇಳಿಯಲಿಲ್ಲ. ಒಬ್ಬ ಹುಡುಗ ಬಂದು, ಔಷಧಿ ಅಂಗಡಿಗಳಿಗೆ ಬಿಲ್ಲು ಮಾಡುವ ಪ್ರೋಗ್ರಾಂ ಬರೆದಿದ್ದೇನೆ ಅಂದ. ಅಡವು ಇಡಲಿಕ್ಕೆ ಎಂತ ಉಂಟು ಅಂತ ಕೇಳಿದೆ. ಪ್ರೋಗ್ರಾಂ ಉಂಟು ಅಂದ. ಅದನ್ನು ತೂಗಿ ಮಾರಲಿಕ್ಕೆ ಆಗುತ್ತದಾ ಅಂತ ಬೈದು ಕಳಿಸಿದೆ. ಅದೇ ತಿಂಗಳು ಇನ್ನೊಬ್ಬರು ಬಂದರು, ಕಂಪ್ಯೂಟರ್ ಜೋಡಿಸುವವರು. ಅವರ ಹತ್ತಿರ ಶೆಡ್ಡು, ಯಂತ್ರ, ಗೋಡೆಯೆತ್ತರ ಪೇರಿಸಿಟ್ಟ ಮಾನಿಟರುಗಳು ಎಲ್ಲ ಇದ್ದವು. ಕಣ್ಣಿಗೆ ಕಾಣುತ್ತದಲ್ಲ, ಹಾಕಿ ಹಾಜಿಯವರೇ ಅಂದೆ. ಆ ಮೇಲಿನ ಮಳೆಗಾಲಕ್ಕೆ ಚಪ್ಪಟೆ ಮಾನಿಟರು ಬಂದು, ನಮ್ಮ ಗಾಜಿನ ಬುರುಡೆಗಳನ್ನು ಗುಜರಿಯವರೂ ಕೇಳಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದ ಹಾಗಾಯಿತು. ಔಷಧಿ ಅಂಗಡಿಯ ಹುಡುಗ ಕೋಯಿಕ್ಕೋಡಿನಲ್ಲಿ ಯಾರದೋ ಬಂಡವಾಳ ಹಿಡಿದು ಚೆನ್ನಾಗಿ ಬಂದ. ಹಾಜಿಯವರು ನನ್ನನ್ನು ಬೈಯಲಿಲ್ಲ. ಇನ್ನು ಮೇಲೆ ನೀವು ಕಾಗದ ನೋಡಿ, ನಾನು ಮನುಷ್ಯನನ್ನು ನೋಡುತ್ತೇನೆ ಅಂದರು.

ಅವರು ಮನುಷ್ಯನನ್ನು ನೋಡುವ ಕ್ರಮ ಹೇಳಬೇಕು. ಬಂದವರಿಗೆ ಚಹಾ ಕೊಟ್ಟು, ಊರು ಕೇರಿ ವಿಚಾರಿಸಿ, ಕೊನೆಗೆ ಒಂದೇ ಪ್ರಶ್ನೆ ಕೇಳುವುದು: ನಿನಗೆ ಜ್ವರ ಬಂದರೆ ಗಲ್ಲೆಯಲ್ಲಿ, ದುಡ್ಡಿನ ಪೆಟ್ಟಿಗೆಯ ಹತ್ತಿರ, ಯಾರು ಕೂತುಕೊಳ್ಳುವುದು? ಕಂಪ್ಯೂಟರಿನ ಹುಡುಗರು ಕಕ್ಕಾಬಿಕ್ಕಿ. ಗಲ್ಲೆಯೇ ಇಲ್ಲವಲ್ಲ ಹಾಜಿಯವರೇ ಅನ್ನುವರು. ಹಾಗಾದರೆ ಇನ್ನೊಬ್ಬನನ್ನು ಕರೆದುಕೊಂಡು ಬಾ ಅಂತ ಕಳಿಸುವರು.

ಅದರ ಹಿಂದೆ ಒಂದು ಪದ್ಧತಿ ಉಂಟು. ಹಾಜಿಯವರ ಶಾರ್ಜಾದ ಅಂಗಡಿಯಲ್ಲಿ ನಾಲ್ಕು ಪಾಲುದಾರರು. ನಾಲ್ವರೂ ಒಟ್ಟಿಗೆ ಅಲ್ಲಿ ಇರುತ್ತಿರಲಿಲ್ಲ. ಇಬ್ಬರು ಅಲ್ಲಿ ಅಂಗಡಿ ನೋಡುವುದು, ಇಬ್ಬರು ಊರಿನಲ್ಲಿ ಹೆಂಡತಿ ಮಕ್ಕಳ ಜೊತೆ ಇರುವುದು. ಆರು ತಿಂಗಳಾದ ಮೇಲೆ ಅದಲು ಬದಲು. ಇದಕ್ಕೆ ಪಾಳಿ ಅಂತ ಹೇಳುವುದು. ಪಾಳಿ ಮುಗಿದವನು ಬರುವವನ ಎದುರು ಅಕ್ಕಿ, ಸಕ್ಕರೆ, ಎಣ್ಣೆ ಎಲ್ಲ ತೂಗಿ, ಬೀಗದ ಕೈ ಕೊಟ್ಟು, ಸಲಾಂ ಹೇಳಿ ವಿಮಾನ ಹತ್ತುವುದು. ಗಂಡಸರ ಆಯುಷ್ಯವೆಲ್ಲ ಕೊಲ್ಲಿಯಲ್ಲೇ ಹೋಗಬಾರದು ಅಂತ ಹಿರಿಯರು ಕಂಡುಕೊಂಡ ದಾರಿ ಅದು. ಇನ್ನೊಂದು ಕಾರಣವನ್ನೂ ಹಾಜಿಯವರು ಹೇಳುತ್ತಿದ್ದರು. ಒಬ್ಬನೇ ತುಂಬ ದಿನ ಗಲ್ಲೆಯಲ್ಲಿ ಕೂತರೆ ಅಂಗಡಿ ತನ್ನದೇ ಅಂತ ಅವನಿಗೆ ಕಾಣಲಿಕ್ಕೆ ಶುರುವಾಗುತ್ತದೆ, ಅಂಗಡಿಗೂ ಅವನಿಲ್ಲದೆ ನಡೆಯಲಿಕ್ಕೆ ಮರೆತುಹೋಗುತ್ತದೆ.

ದುಡ್ಡು ಹಾಕಿದ ಕಂಪನಿಗಳಲ್ಲೂ ಅವರು ಇದನ್ನೇ ತಂದರು. ನಾನು ಮೊದಲು ನಕ್ಕೆ. ಆದರೆ ಗಲ್ಫಿಗೆ ಮಾತಾಡುವ ಕ್ಯಾಬಿನ್ನುಗಳ ವ್ಯಾಪಾರದಲ್ಲಿ ಅದು ಚೆನ್ನಾಗಿಯೇ ನಡೆಯಿತು. ಆಗ ಮನೆಮನೆಯಲ್ಲಿ ಫೋನಿದ್ದರೂ ಕೊಲ್ಲಿಗೆ ಮಾತಾಡುವುದೆಂದರೆ ಕೈ ಸುಡುತ್ತಿತ್ತು. ಇಂಟರ್ನೆಟ್ಟಿನಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಮಾತಾಡುವ ಸಣ್ಣ ಸಣ್ಣ ಕ್ಯಾಬಿನ್ನುಗಳನ್ನು ಒಬ್ಬ ಶುರುಮಾಡಿದ; ನಾವು ಬಂಡವಾಳ ಹಾಕಿದೆವು. ಪಾಲುದಾರರು ಒಬ್ಬರಾದ ಮೇಲೆ ಒಬ್ಬರು ಪಾಳಿಯಲ್ಲಿ ಕೂತರು. ಶುಕ್ರವಾರ ಮಧ್ಯಾಹ್ನ ಹೆಂಗಸರ ಸಾಲು ಮೆಟ್ಟಿಲ ಕೆಳಗಿನವರೆಗೆ ಬರುತ್ತಿತ್ತು. ಹೊಸದಾಗಿ ಮದುವೆಯಾದವರು ಒಳಗೆ ಹೋದರೆ ಹೊರಗೆ ಬರುತ್ತಲೇ ಇರಲಿಲ್ಲ. ಮೊಬೈಲಿನಲ್ಲೇ ಮುಖ ಕಾಣುವ ಕಾಲ ಬಂದಾಗ ಆ ವ್ಯಾಪಾರ ತನ್ನಷ್ಟಕ್ಕೆ ನಿಂತಿತು. ನಗುನಗುತ್ತಾ ಮುಚ್ಚಿದೆವು, ಯಾರಿಗೂ ಬೇಜಾರಾಗಲಿಲ್ಲ.

ಅಷ್ಟರಲ್ಲಿ ನಮ್ಮ ಕೆಲಸದ ಕ್ರಮವೇ ಬದಲಾಗಿತ್ತು. ಮೊದಲು ಕಂಪನಿಯನ್ನು ನೋಡುವವರು ಲಾಭ ಎಷ್ಟು ಅಂತ ಕೇಳುತ್ತಿದ್ದರು. ಆಮೇಲೆ ವ್ಯಾಪಾರ ಎಷ್ಟು ಅಂತ ಕೇಳಿದರು. ಆಮೇಲೆ ಎಷ್ಟು ಜನ ಉಪಯೋಗಿಸುತ್ತಾರೆ ಅಂತ ಮಾತ್ರ. ಲಾಭ ಅಂತ ಬಾಯಿ ಬಿಟ್ಟರೆ, ಈ ಮುದುಕ ಎಲ್ಲಿಯವನು ಅಂತ ನೋಡುವರು. ನಾನು ಮೊದಲು ಬಸ್ಸು ಹತ್ತಿ ಹೋಗಿ ಅಂಗಡಿಯ ಎದುರು ನಿಂತು ಎಷ್ಟು ಜನ ಒಳಗೆ ಹೋಗುತ್ತಾರೆ ಅಂತ ನೋಡುತ್ತಿದ್ದವನು, ಕೊನೆಕೊನೆಗೆ ಬಣ್ಣದ ಸ್ಲೈಡುಗಳನ್ನು ನೋಡಿ ತಲೆ ಅಲ್ಲಾಡಿಸುವವನಾದೆ.

ಇನ್ನು ಜಮೀಲಾಳ ವಿಷಯ. ಇಷ್ಟು ಹೊತ್ತು ಸುತ್ತಿ ಬಳಸಿದ್ದು ಇದಕ್ಕೇ.

ಬೆಳ್ಳೂರಿನ ಹುಡುಗಿ. ನಮ್ಮ ಜಿಲ್ಲೆಯಲ್ಲೇ ಇಂಜಿನಿಯರಿಂಗ್ ಓದಿದವಳು. ಸಣ್ಣ ಮೈಕಟ್ಟು, ಮಾತು ಕಮ್ಮಿ, ಆಡಿದರೆ ನೇರ. ನಮ್ಮ ಕಡೆ ಒಳ್ಳೆಯ ಡಾಕ್ಟರರು ಸಂಜೆ ಮನೆಯಲ್ಲಿ ರೋಗಿಗಳನ್ನು ನೋಡುವುದು. ಅದಕ್ಕೆ ಟೋಕನ್ ಕೊಡುವುದು ಬೆಳಿಗ್ಗೆ, ಗೇಟಿನ ಹತ್ತಿರ. ಬೆಳ್ಳೂರು, ಕುಂಬ್ಡಾಜೆ ಕಡೆಯವರು ಮೊದಲ ಬಸ್ಸಿಗೆ ಬಂದು ಗೇಟು ಹಿಡಿದು ನಿಂತು, ನಂಬ್ರ ತೆಗೆದುಕೊಂಡು, ಸಂಜೆವರೆಗೆ ಪೇಟೆಯಲ್ಲಿ ಅಲೆಯಬೇಕು. ಜಮೀಲಾಳ ಉಮ್ಮ, ಅಂದರೆ ತಾಯಿ, ಅವಳ ಅಜ್ಜನ ಉಬ್ಬಸಕ್ಕಾಗಿ ಹಾಗೆ ವರ್ಷಗಟ್ಟಲೆ ನಿಂತವರು. ಒಮ್ಮೆ ಗೇಟಿನಲ್ಲೇ ತಲೆ ತಿರುಗಿ ಬಿದ್ದಿದ್ದರಂತೆ. ಮಗಳು ಓದು ಮುಗಿಸಿ ಮಾಡಿದ್ದು ಇಷ್ಟು: ಯಾವ ಹಳೆ ಫೋನಿನಿಂದಾದರೂ ಸರಿ, ಒಂದು ನಂಬರಿಗೆ ಕರೆ ಮಾಡಿದರೆ ಟೋಕನ್ ಸಿಗುತ್ತದೆ, ನಿಮ್ಮ ಮುಂದೆ ಇನ್ನು ಎಷ್ಟು ಜನ ಇದ್ದಾರೆ, ಎಷ್ಟು ಹೊತ್ತಿಗೆ ಮನೆಯಿಂದ ಹೊರಡಬೇಕು ಅಂತ ಅದೇ ತಿರುಗಿ ಕರೆ ಮಾಡಿ ಹೇಳುತ್ತದೆ. ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ, ಯಾವುದರಲ್ಲಿ ಬೇಕೋ ಅದರಲ್ಲಿ. ತಿಂಗಳಿಗೆ ಇಷ್ಟು ಅಂತ ಡಾಕ್ಟರರು ಕೊಡುವುದು, ರೋಗಿಗಳಿಗೆ ಖರ್ಚಿಲ್ಲ.

ಹಾಜಿಯವರು ತಮ್ಮ ಪ್ರಶ್ನೆ ಕೇಳಿದರು. ಜಮೀಲಾ ತಡವರಿಸಲಿಲ್ಲ. ಇವರು ಕೂತುಕೊಳ್ಳಲಿ ಅಂತ ಪಕ್ಕದಲ್ಲಿದ್ದ ಉಮ್ಮರಾಕನನ್ನು ತೋರಿಸಿದಳು. ಉಮ್ಮರಾಕ ಹಾಜಿಯವರ ಪಾಲುದಾರರಲ್ಲಿ ಒಬ್ಬರು. ಅಂದು ಸುಮ್ಮನೆ ಚಹಾಕ್ಕೆ ಬಂದು ಕೂತಿದ್ದವರು. ಅವಳ ಅಜ್ಜನೂ ಬೊಂಬಾಯಿಯಲ್ಲಿ ಪಾಳಿಯ ಅಂಗಡಿ ನಡೆಸಿದವರಂತೆ. ಪಾಳಿ ಅಂದರೆ ಎಂತ ಅಂತ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಹಾಜಿಯವರಿಗೆ ಅಂದು ಆದ ಸಂತೋಷವನ್ನು ನಾನು ಮತ್ತೆ ಅವರ ಮುಖದಲ್ಲಿ ನೋಡಲಿಲ್ಲ.

ಕಂಪನಿಗೆ ಒಂದು ಇಂಗ್ಲಿಷ್ ಹೆಸರಿತ್ತು. ಊರಿನವರು ಯಾರೂ ಅದನ್ನು ಬಾಯಲ್ಲಿ ತೆಗೆಯಲಿಲ್ಲ, ನಂಬ್ರದ ಆಫೀಸು ಅಂದರು, ಅದೇ ನಿಂತಿತು. ವರ್ಷದಲ್ಲಿ ಅರ್ಧ ಜಮೀಲಾ ಮುಖ್ಯಸ್ಥರ ಕುರ್ಚಿಯಲ್ಲಿ, ಅರ್ಧ ಉಮ್ಮರಾಕ. ತನ್ನ ಪಾಳಿ ಇಲ್ಲದಾಗ ಅವಳು ಮನೆಯಲ್ಲಿರುವಳು, ಮನಸ್ಸು ಬಂದರೆ ಹೊಸದು ಏನಾದರೂ ಬರೆಯುವಳು. ಮದುವೆಯಾಯಿತು, ಬಾಣಂತನ ಆಯಿತು, ಕಂಪನಿಗೆ ಎಂತದೂ ಆಗಲಿಲ್ಲ. ಕಂಪನಿ ಮಾಡಿದ ಹೆಣ್ಣುಮಗಳು ಮಗುವಿಗೆ ಹಾಲು ಕೊಡಲಿಕ್ಕೆ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲದ್ದನ್ನು ನನ್ನ ಹದಿನೆಂಟು ವರ್ಷದಲ್ಲಿ ನಾನು ಅಲ್ಲಿ ಮಾತ್ರ ನೋಡಿದ್ದು.

ಉಮ್ಮರಾಕ ದೊಡ್ಡ ಬುದ್ಧಿವಂತರೇನೂ ಅಲ್ಲ. ಮೊದಲ ಸಲ ಪಾಳಿ ತೆಗೆದುಕೊಳ್ಳುವಾಗ ಅಂಗಡಿಯ ಕ್ರಮದಂತೆ ದಾಸ್ತಾನು ನೋಡಬೇಕು ಅಂತ ಹಟ ಹಿಡಿದರು. ಕುರ್ಚಿ, ಫ್ಯಾನು, ಕೀಬೋರ್ಡು, ಚಹಾದ ಲೋಟ ಎಲ್ಲ ನೋಡಿ ಆದಮೇಲೆ, ಈ ಪ್ರೋಗ್ರಾಂ ಅನ್ನುವುದು ಎಷ್ಟು ಉಂಟು, ಅದನ್ನೂ ನನ್ನ ಎದುರು ತೋರಿಸಿ ಅಂದರು. ಪ್ರೋಗ್ರಾಂ ಬರೆಯುವ ಹುಡುಗರು ಬಾಯಿಗೆ ಕರವಸ್ತ್ರ ಹಿಡಿದರು. ಜಮೀಲಾ ಮಾತ್ರ ನಗಲಿಲ್ಲ. ಕಂಪ್ಯೂಟರಿನ ಪರದೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಸರಿಸುತ್ತಾ ಸರಿಸುತ್ತಾ ಪೂರ್ತಿ ತೋರಿಸಿದಳು. ಉಮ್ಮರಾಕ ಕನ್ನಡಕ ಸರಿಮಾಡಿಕೊಂಡು ಕೊನೆಯವರೆಗೆ ನೋಡಿ, ಸರಿ, ಉಂಟು ಅಂತ ಒಪ್ಪಿಕೊಂಡರು. ಅವರ ಪಾಳಿಯಲ್ಲಿ ಹೊಸದು ಎಂತದೂ ಆಗುತ್ತಿರಲಿಲ್ಲ, ಹುಡುಗರು ಗೊಣಗುತ್ತಿದ್ದರು. ಆದರೆ ಇದ್ದದ್ದು ಕೆಡುತ್ತಲೂ ಇರಲಿಲ್ಲ.

ಬೆಂಗಳೂರಿನ ಒಂದು ಫಂಡಿನವರ ಕಿವಿಗೆ ಈ ಕಂಪನಿಯ ಸುದ್ದಿ ಬಿತ್ತು. ಆ ಹೊತ್ತಿಗೆ ಎಲ್ಲರಿಗೂ ಆರೋಗ್ಯದ ಕಂಪನಿಗಳ ಹುಚ್ಚು. ಫಂಡಿನಿಂದ ಒಬ್ಬರು ಮೇಡಂ ಬಂದರು. ಮೈಸೂರಿನ ಕಡೆಯ ಕನ್ನಡ, ಚುರುಕು, ಒಳ್ಳೆಯ ಮನುಷ್ಯೆ. ಅದನ್ನು ನಾನು ಇವತ್ತಿಗೂ ಹೇಳುತ್ತೇನೆ. ಎರಡು ದಿನ ಜಮೀಲಾಳ ಜೊತೆ ಡಾಕ್ಟರರ ಮನೆಗಳಿಗೆ ತಿರುಗಿ ಮೆಚ್ಚಿಕೊಂಡು ಹೋದರು. ನಮಗೆ ಆ ದುಡ್ಡು ಬೇಕಾಗಿತ್ತು. ಮಂಗಳೂರಿಗೆ ದೊಡ್ಡ ಕಂಪನಿಯೊಂದು ಬಂದು ಡಾಕ್ಟರರಿಗೆಲ್ಲ ಇಂಥದೇ ಸೇವೆಯನ್ನು ಪುಕ್ಕಟೆ ಕೊಡುತ್ತಿತ್ತು. ಅದು ಕಾಸರಗೋಡಿಗೆ ಮುಟ್ಟುವುದರೊಳಗೆ ನಾವು ಬೆಳೆಯದಿದ್ದರೆ ನಂಬ್ರದ ಆಫೀಸು ಉಳಿಯುವುದಿಲ್ಲ, ಬೆಳ್ಳೂರಿನ ಮುದುಕಿಯರು ಮತ್ತೆ ಗೇಟು ಹಿಡಿಯುತ್ತಾರೆ ಅಂತ ಜಮೀಲಾ ನನ್ನ ಹತ್ತಿರ ಹೇಳಿದ್ದಳು. ಪತ್ರ ವ್ಯವಹಾರ ಮುಗಿದು, ಸಹಿ ಹಾಕಲಿಕ್ಕೆ ಮೇಡಮ್ಮು ತಮ್ಮ ಮೇಲಿನವರನ್ನು ಕರೆದುಕೊಂಡು ಬರುವುದು ಅಂತ ಆಯಿತು.

ಅವರು ಬಂದ ದಿನ ನಾನು ಸ್ಟೇಷನ್ನಿನಿಂದ ಕರೆತಂದೆ. ಆಫೀಸಿಗೆ ಹೋಗಿ ನೋಡುತ್ತೇನೆ, ಮುಖ್ಯಸ್ಥರ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಉಮ್ಮರಾಕ. ಮೇಜಿನ ಮೇಲೆ ಎಳನೀರು, ಸಮೋಸ, ಖರ್ಜೂರ. ಜಮೀಲಾ ಇಲ್ಲ. ಮೇಡಮ್ಮು ಆಚೆ ಈಚೆ ನೋಡಿ ಅವಳಿಗೆ ಹುಷಾರಿಲ್ಲವಾ ಅಂತ ಕೇಳಿದರು.

"ಹುಷಾರಿದ್ದಾಳೆ ಮೇಡಂ, ಆರಾಮ ಇದ್ದಾಳೆ. ಅವಳ ಪಾಳಿ ಮೊನ್ನೆಗೆ ಮುಗಿಯಿತು. ಇನ್ನು ಆರು ತಿಂಗಳು ನಾನೇ," ಅಂದರು ಉಮ್ಮರಾಕ, ತುಂಬ ಸಂತೋಷದಲ್ಲಿ.

ಫಂಡಿನವರ ಕಾಗದದಲ್ಲಿ ಪುಟಪುಟಕ್ಕೆ ಜಮೀಲಾಳ ಹೆಸರು. ಪಾಳಿ ಬದಲಾಗುವ ದಿನ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಇಂಥ ಹೊತ್ತಿನಲ್ಲಿ ಅವಳು ಏಳುತ್ತಾಳೆ ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಪಾಳಿ ಇರುವ ವಿಷಯ ಫಂಡಿನವರಿಗೆ ಹೇಳಬೇಕು ಅಂತ ಹಾಜಿಯವರಾಗಲಿ ಉಮ್ಮರಾಕನಾಗಲಿ ಎಣಿಸಿರಲಿಲ್ಲ. ಉಸಿರಾಡುವುದನ್ನು ಯಾರಾದರೂ ಹೇಳಿಕೊಡುತ್ತಾರಾ? ಮೇಡಮ್ಮಿನ ಮೇಲಿನವರು ಎಳನೀರನ್ನು ಮುಟ್ಟಲಿಲ್ಲ. ಇಂಗ್ಲಿಷಿನಲ್ಲಿ ಮೇಡಮ್ಮಿಗೆ ಎಂತದೋ ಹೇಳಿ, ಬೇರೆ ಕೆಲಸ ಉಂಟು ಅಂತ ಮಧ್ಯಾಹ್ನದ ರೈಲಿಗೇ ಹೊರಟರು. ಮೇಡಂ ಮಾತ್ರ ಉಳಿದರು. ನಾನು ಕಾರು ಮಾಡಿಕೊಂಡು ಬೆಳ್ಳೂರಿಗೆ ಓಡಿದೆ.

ಜಮೀಲಾ ಅಂಗಳದಲ್ಲಿ ಮಗುವಿಗೆ ಗಂಜಿ ತಿನ್ನಿಸುತ್ತಿದ್ದಳು. ನನ್ನ ಮುಖ ನೋಡಿ ಎದ್ದು ನಿಂತಳು. ಈಗಲೇ ಪಾಳಿ ಬಿಡುವಂಥದ್ದು ಎಂತ ಇತ್ತು ಅಂತ ನಾನು ಸಿಟ್ಟಿನಲ್ಲಿ ಕೇಳಿದೆ.

"ಒಂದು ವಾರ ಮುಂದೆ ಹಾಕುವ ಅಂತ ಉಮ್ಮರಾಕ ಹೇಳಿದ್ರು ಸಾರ್, ನಾನೇ ಬೇಡ ಅಂದೆ. ನಾನು ಮನೆಯಲ್ಲಿ ಕೂತರೂ ಕಂಪನಿ ನಡೀತದೆ ಅಂತ ಅವರು ಕಣ್ಣಾರೆ ನೋಡಲಿ ಅಂತ. ದುಡ್ಡು ಹಾಕುವವರು ಅದನ್ನೇ ಅಲ್ವಾ ನೋಡುವುದು?"

ದುಡ್ಡು ಹಾಕುವವರು ಅಂತ ಅವಳು ನೋಡಿದ್ದು ಹಾಜಿಯವರನ್ನು ಮಾತ್ರ. ಅವರು ಕೇಳಿದ ಪ್ರಶ್ನೆಯನ್ನೇ ಲೋಕದಲ್ಲಿ ಎಲ್ಲರೂ ಕೇಳುತ್ತಾರೆ ಅಂತ ಅವಳು ನಂಬಿದ್ದಳು. ತನ್ನ ಕಂಪನಿಯ ಅತಿ ದೊಡ್ಡ ಗುಣವನ್ನು ಬಂದವರ ಎದುರು ತಟ್ಟೆಯಲ್ಲಿಟ್ಟು ತೋರಿಸಲಿಕ್ಕೆ ಹೋಗಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದನ್ನು ನಾನು ಅವಳಿಗೆ ಹೇಗೆ ಹೇಳಲಿ? ಅವಳನ್ನು ಅದೇ ಕಾರಿನಲ್ಲಿ ಪೇಟೆಗೆ ಕರೆದುಕೊಂಡು ಬಂದೆ.

ಮೇಡಂ ಅವಳಿಗೆ ಸಮಾಧಾನದಲ್ಲೇ ಹೇಳಿದರು. "ನಾವು ದುಡ್ಡು ಹಾಕ್ತಿರೋದು ನಿಮ್ಮ ಮೇಲೆ ಜಮೀಲಾ, ಕುರ್ಚಿ ಮೇಲಲ್ಲ. ನೀವು ಎದ್ದು ಹೋದರೆ ನಮ್ಮ ಪಾಲಿಗೆ ಅಲ್ಲಿ ಏನೂ ಇಲ್ಲ."

ಮೇಲಿನವರನ್ನು ಒಪ್ಪಿಸುತ್ತೇನೆ, ಆದರೆ ಪಾಳಿ ಪೂರ್ತಿ ಹೋಗಬೇಕು. ಪಾಲುದಾರರು ಪಾಲು ಇಟ್ಟುಕೊಳ್ಳಲಿ, ಕುರ್ಚಿಯ ಹತ್ತಿರ ಬರಬಾರದು. ಜಮೀಲಾ ನಾಲ್ಕು ವರ್ಷ ಏಳಬಾರದು ಅಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಆಗುತ್ತದೋ ಅಂತ ನಾನು ಹೆದರಿದ್ದೆ, ಆಗಲಿಲ್ಲ. ಹಾಜಿಯವರು ಒಂದು ರಾತ್ರಿ ಯೋಚಿಸಿ, ನಮ್ಮಿಂದ ಆ ಹುಡುಗಿಯ ದಾರಿಗೆ ಅಡ್ಡ ಆಗುವುದು ಬೇಡ ಅಂತ ತಾವೇ ಹಿಂದೆ ಸರಿದರು. ನನ್ನನ್ನು ಕೇಳಿದಾಗ ನಾನೂ ಸಹಿ ಹಾಕಿ ಅಂತಲೇ ಹೇಳಿದ್ದು. ಈಗ ಆ ಮೇಜಿನ ಎದುರು ಕೂರಿಸಿದರೂ ಅದನ್ನೇ ಹೇಳುತ್ತೇನೋ ಏನೋ. ಮಂಗಳೂರಿನವರು ಪುಕ್ಕಟೆ ಹಂಚುತ್ತಾ ಬರುತ್ತಿರುವಾಗ ಬೇರೆ ದಾರಿ ನನಗೆ ಕಂಡಿರಲಿಲ್ಲ. ಬೇಜಾರು ಇರುವುದೇ ಅಲ್ಲಿ. ತಪ್ಪಾದ ತಿರುವು ಎಲ್ಲಿ ಅಂತ ತೋರಿಸಲಿಕ್ಕೆ ಸಿಕ್ಕಿದ್ದರೆ ಮನಸ್ಸಿಗೆ ಎಷ್ಟೋ ಹಗುರಾಗುತ್ತಿತ್ತು.

ಸಹಿ ಹಾಕುವ ದಿನ ಹಾಜಿಯವರು ಜಮೀಲಾಳನ್ನು ಆಚೆ ಕರೆದು, "ಮೋಳೇ, ನೀನು ಕೂತುಕೋ. ಆದರೆ ನೀನು ಏಳುವ ದಿನ ಅಲ್ಲಿ ಯಾರು ಕೂತುಕೊಳ್ಳುವುದು ಅಂತ ಅವರ ಹತ್ತಿರ ಈಗಲೇ ಕೇಳಿಕೋ," ಅಂದರು. ಅವಳು ಕೇಳಿದಳು. ಅದನ್ನು ಆಗ ನೋಡೋಣ ಅಂತ ಮೇಡಂ ನಕ್ಕರು.

ದುಡ್ಡು ಬಂತು. ಮಂಗಳೂರು, ಕಣ್ಣೂರು, ಕೋಯಿಕ್ಕೋಡಿನಲ್ಲಿ ಆಫೀಸು ಆಯಿತು. ಫೋನಿನಲ್ಲಿ ನಂಬ್ರ ಕೊಡುವುದು ಹಳೆ ಕಾಲದ್ದು ಅಂತ ಮೊಬೈಲಿನ ಆ್ಯಪು ಬಂತು. ಬೆಂಗಳೂರಿನವರು ದಿನಾ ಬೆಳಿಗ್ಗೆ ಕೇಳುವುದು ಒಂದೇ, ನಿನ್ನೆ ಎಷ್ಟು ಜನ ಆ್ಯಪು ಹಾಕಿಕೊಂಡರು ಅಂತ. ಜಮೀಲಾ ವಾರಕ್ಕೆ ಒಮ್ಮೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವಳು. ಅವಳ ಮಗು ಅಜ್ಜಿಯನ್ನೇ ಉಮ್ಮ ಅಂತ ಕರೆಯಲಿಕ್ಕೆ ಕಲಿಯಿತು. ಉಮ್ಮನಿಗೆ ಗರ್ಭಕೋಶದ ಆಪರೇಷನ್ ಆದಾಗ ಅವಳು ಆಸ್ಪತ್ರೆಯ ವರಾಂಡದಲ್ಲಿ ಲ್ಯಾಪ್‌ಟಾಪು ತೊಡೆಯ ಮೇಲೆ ಇಟ್ಟುಕೊಂಡು ಮೀಟಿಂಗಿನಲ್ಲಿದ್ದದ್ದನ್ನು ನಾನೇ ನೋಡಿದ್ದೇನೆ. ಉಮ್ಮರಾಕ ಬುತ್ತಿ ಹಿಡಿದುಕೊಂಡು ಬಂದವರು, ಸ್ವಲ್ಪ ಹೊತ್ತು ನಾನು ಮಾತಾಡಲಾ ಅಂತ ಕೇಳಿದರು. ಅವಳು ನಗುತ್ತಾ ತಲೆ ಅಲ್ಲಾಡಿಸಿದಳು, ಕಣ್ಣಲ್ಲಿ ನೀರಿತ್ತು.

ಮತ್ತೆ ಆದದ್ದು ಈ ಕೆಲಸದಲ್ಲಿರುವವರಿಗೆಲ್ಲ ಗೊತ್ತಿರುವ ಕತೆಯೇ. ಆರೋಗ್ಯದ ಕಂಪನಿಗಳ ಹುಚ್ಚು ಇಳಿಯಿತು. ಮೇಡಂ ಬೇರೆ ಕೆಲಸ ಸಿಕ್ಕಿ ಹೋದರು. ಅವರ ಜಾಗಕ್ಕೆ ಬಂದವರು ಕಾಸರಗೋಡನ್ನು ಭೂಪಟದಲ್ಲಿಯೂ ನೋಡಿದವರಲ್ಲ. ನಾಲ್ಕು ವರ್ಷ ತುಂಬುವಾಗ ಫಂಡಿನವರು ಕಂಪನಿಯನ್ನು ದೊಡ್ಡ ಕಂಪನಿಯೊಂದಕ್ಕೆ ಮಾರಿದರು. ಕೊಂಡವರಿಗೆ ಬೇಕಾಗಿದ್ದದ್ದು ಪೇಟೆಯ ಡಾಕ್ಟರರು ಮಾತ್ರ. ಕಾಸರಗೋಡಿನ ಆಫೀಸನ್ನೂ ಫೋನಿನ ಸೇವೆಯನ್ನೂ ಮುಚ್ಚಿದರು. ಪಾಲುದಾರರಿಗೆ ಹಾಕಿದ್ದು ಬಂತು. ಜಮೀಲಾ ಕೆಲವು ವರ್ಷ ಇದೇ ವ್ಯಾಪಾರ ಮಾಡಬಾರದು ಅಂತ ಮಾರಾಟದ ಕರಾರಿನಲ್ಲಿ ಬರೆದಿತ್ತು, ಅದಕ್ಕೂ ಸಹಿ ಹಾಕಬೇಕಾಯಿತು. ಹಾಜಿಯವರು ಅದಕ್ಕೆ ಮೊದಲಿನ ವರ್ಷವೇ ತೀರಿಕೊಂಡಿದ್ದರು. ಅದು ಒಳ್ಳೆಯದೇ ಆಯಿತು ಅಂತ ನನಗೆ ಒಮ್ಮೊಮ್ಮೆ ಕಾಣುತ್ತದೆ, ಹಾಗೆ ಕಂಡದ್ದಕ್ಕೆ ನಾಚಿಕೆಯೂ ಆಗುತ್ತದೆ.

ಅವರು ಹೋದ ಮೇಲೆ ಅವರ ಮಕ್ಕಳು ಆಫೀಸನ್ನು ಮುಂದುವರಿಸಲಿಲ್ಲ. ಲೆಕ್ಕಪತ್ರ ಮುಗಿಸಿಕೊಟ್ಟು ನಾನೂ ಈ ವರ್ಷ ಮನೆಗೆ ಬಂದೆ. ಬಂದ ಮೇಲೆ ಒಂದು ದಿನ ಜಮೀಲಾಳನ್ನು ನೋಡಲಿಕ್ಕೆ ಹೋದೆ. ಈಗ ಅವಳು ಪೇಟೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಮಾತಾಡುತ್ತಾ ಕೂತಾಗ ಮೇಜಿನ ಮೇಲಿನ ಒಂದು ಹಳೆ ಫೋನು ಹೊಡೆದುಕೊಂಡಿತು. ಎತ್ತಿದಳು. "ಇಲ್ಲ ಅಜ್ಜಿ, ಈಗ ಇದರಲ್ಲಿ ನಂಬ್ರ ಸಿಗುವುದಿಲ್ಲ. ಬೆಳಿಗ್ಗೆ ಗೇಟಿನ ಹತ್ತಿರವೇ ಹೋಗಬೇಕು," ಅಂದಳು. ಇಟ್ಟಳು. ಐದು ನಿಮಿಷಕ್ಕೆ ಮತ್ತೆ ಬಂತು, ಮತ್ತೆ ಅದನ್ನೇ ತುಳುವಿನಲ್ಲಿ ಹೇಳಿದಳು.

ನಾನು ಕೇಳಿದ ಮೇಲೆ ಹೇಳಿದಳು. ಕೊಂಡವರು ನಂಬ್ರದ ಆಫೀಸಿನ ಫೋನ್ ನಂಬರನ್ನು ಬಿಟ್ಟುಬಿಟ್ಟರಂತೆ. ಫೋನಿನ ಕಂಪನಿಯವರು ಅದನ್ನು ನೀಲೇಶ್ವರದ ಒಬ್ಬ ಪೈಂಟರನಿಗೆ ಕೊಟ್ಟರು. ಅವನಿಗೆ ಬೆಳಗಾದರೆ ಹೃದಯದ ಡಾಕ್ಟರರ ನಂಬ್ರ ಕೊಡಿ, ಮಕ್ಕಳ ಡಾಕ್ಟರರ ನಂಬ್ರ ಕೊಡಿ ಅಂತ ಕರೆ. ಬಣ್ಣದ ಕೈಯಲ್ಲಿ ಎತ್ತಿ ಎತ್ತಿ ಸಾಕಾಗಿ, ವಿಚಾರಿಸಿಕೊಂಡು, ರೈಲು ಹತ್ತಿ ಬಂದು ಇವಳ ಹತ್ತಿರ ಜಗಳ ಮಾಡಿದ. ಅವನಿಗೆ ಬೇರೆ ನಂಬರು ಮಾಡಿಸಿಕೊಟ್ಟು ಹಳೆಯದನ್ನು ಇವಳು ತನ್ನ ಹೆಸರಿಗೆ ಮಾಡಿಕೊಂಡಳು.

ಮಾಡಿಕೊಂಡು ಎಂತ ಪ್ರಯೋಜನ, ಕೊಡಲಿಕ್ಕೆ ನಂಬ್ರ ಇಲ್ಲವಲ್ಲ ಅಂದೆ. ಕೊಟ್ಟರೆ ಕೇಸು ಹಾಕುತ್ತಾರೆ ಸಾರ್, ಇಲ್ಲ ಅಂತ ಹೇಳಲಿಕ್ಕೆ ಅಡ್ಡಿ ಇಲ್ಲ ಅಂದಳು. ಎತ್ತದಿದ್ದರೆ ಅವರು ಸಿಗುವವರೆಗೆ ಮಾಡುತ್ತಲೇ ಇರುತ್ತಾರೆ, ಬಸ್ಸು ತಪ್ಪುತ್ತದೆ. ಬೇಗ ಹೇಳಿದರೆ ಗೇಟಿಗಾದರೂ ಹೊರಡುತ್ತಾರೆ. ಕಾಲೇಜಿನಲ್ಲಿ ಪರೀಕ್ಷೆ ಇರುವಾಗ ಎಂತ ಮಾಡುತ್ತೀ ಅಂತ ಕೇಳಿದೆ.

"ಒಂದು ತಿಂಗಳು ನನ್ನ ಹತ್ತಿರ, ಒಂದು ತಿಂಗಳು ಉಮ್ಮರಾಕನ ಹತ್ತಿರ. ಅವರಿಗೆ ಈಗ ಕಿವಿ ಸ್ವಲ್ಪ ಮಂದ. ಇನ್ನೊಬ್ಬರು ಇದ್ದರೆ ಒಳ್ಳೇದಿತ್ತು ಸಾರ್."

ನಾನು ಆಗಲಿ ಅಂದೆ. ಮುಂದಿನ ತಿಂಗಳ ಒಂದನೇ ತಾರೀಕು ಉಮ್ಮರಾಕ ಫೋನು, ಚಾರ್ಜರು ಎರಡನ್ನೂ ನನ್ನ ಮನೆಗೆ ತಂದುಕೊಟ್ಟು, ಎರಡೂ ಉಂಟು, ನೋಡಿಕೊಳ್ಳಿ ಅಂತ ಹೇಳಿ ಹೋದರು.

ಮೊದಲ ಕರೆ ಬೆಳಿಗ್ಗೆ ನಾನು ಕಾಫಿ ಕುಡಿಯುವಾಗ ಬಂತು. ಕುಂಬ್ಡಾಜೆಯ ಒಬ್ಬರು ವಯಸ್ಸಾದ ಹೆಂಗಸು. ಗಂಡನಿಗೆ ಎಲುಬಿನ ಡಾಕ್ಟರರ ನಂಬ್ರ ಬೇಕಿತ್ತು. ಇಲ್ಲಮ್ಮ, ಈಗ ಇದರಲ್ಲಿ ಸಿಗುವುದಿಲ್ಲ ಅಂದೆ. ಹಾಳಾಗಿದೆಯಾ ಅಂತ ಕೇಳಿದರು. ಹಾಳಾದದ್ದಲ್ಲ, ಕಂಪನಿಯನ್ನು ಮಾರಿದರು, ಕೊಂಡವರಿಗೆ ಈ ಊರು ಬೇಡವಾಯಿತು, ಮುಚ್ಚಿಹೋಯಿತು ಅಂತ ನಾನು ಬಿಡಿಸಿ ಬಿಡಿಸಿ ಹೇಳಿದೆ. ಅವರು ಕೊನೆಯವರೆಗೆ ಕೇಳಿದರು.

"ಆಗಲಿ ಮಗಾ, ನಿಧಾನಕ್ಕೆ ಸರಿ ಮಾಡಿ. ನಾನು ನಾಳೆ ಮಾಡ್ತೇನೆ," ಅಂತ ಹೇಳಿ ಇಟ್ಟರು.

ಮರುದಿನ ಅದೇ ಹೊತ್ತಿಗೆ ಮಾಡಿದರು.